ಚಳಿಯ ಬಾಗಿಲು

ಮಂಡಕ್ಕಿ ಭಟ್ಟಿಗಳ ಓಣಿಗೆ ನಾನು ಹೋಗುವುದು
ಬೆಳಗಿನ ಏಳಕ್ಕೆ, ಐಸು ತುಂಬಿದ ಡಬ್ಬಿ ಹಿಡಿದು.
ಬೆಂಕಿ ಎದ್ದು ಆಗಲೇ ಮೂರು ತಾಸು.
ಹೊಟ್ಟಿನ ಹೊಗೆ, ಕಾದ ಮರಳು ಕೆರೆಯುವ ಸದ್ದು.
ಬಾಣಲೆಯಲ್ಲಿ ಅಕ್ಕಿ ಒಮ್ಮೆಲೇ ಅರಳುವಾಗ
ಮುಖ ತಿರುಗಿಸುತ್ತೇನೆ.
ಆ ಬಿಳುಪು ನನಗಾಗದು.

ಫಾರಮ್ಮಿನಲ್ಲಿ ಹದಿನೇಳು ಪ್ರಶ್ನೆ.
ನೋವು ಎಡಕ್ಕೋ ಬಲಕ್ಕೋ, ವಾಂತಿ ಉಂಟೋ,
ಬೆಳಕು ಸೇರದೋ, ತಾಯಿಗೆ ಇತ್ತೋ.

ಜೈಬುನ್ನಿಸಾ, ನಲವತ್ತೊಂದು, ಬಲಕ್ಕೆ:
"ಅಮ್ಮೀಗೂ ಇತ್ತು. ಹಣೆಗೆ ದುಪಟ್ಟಾ ಬಿಗಿದು
ಜರಡಿ ಹಿಡಿಯೋಳು. ನಿಂತ್ರೆ ಕೂಲಿ ನಿಲ್ತಿತ್ತಲ್ಲ."

ತಿಪ್ಪಕ್ಕ, ಚಳ್ಳಕೆರೆ ಕಡೆಯಿಂದ ಬಂದಾಕೆ:
"ಅವ್ವ ಹೋದಾಗ ನಂಗೆ ಎಂಟು ವರ್ಷ.
ಓಲೆ ಅತ್ತಿಗೆ ಹೋತು, ಸೀರೆ ಚಿಕ್ಕವ್ವಗೆ ಹೋತು.
ತಲಿನೋವು ಯಾರೂ ಕೇಳ್ಲಿಲ್ಲ.
ನಂಗ ಉಳೀತು."

ಘಮಲಿಬಾಯಿ, ತಾಂಡಾದವಳು, ವಯಸ್ಸು ಗೊತ್ತಿಲ್ಲ:
"ನೋವಿಗಿಂತ ಮೊದ್ಲು ಕನ್ನಡಿ ಬರ್ತಾವ ಕಣ್ಣಾಗ.
ನಮ್ಮ ಯಾಡಿಯ ಲಂಗದಾಗಿನವೇ.
ಅಂಚಿನಿಂದ ಒಂದೊಂದೇ ಹೊಳಕೋತ, ಹೊಳಕೋತ
ನಡುವಿಗೆ ಬರ್ತಾವ."
ಬರೆದುಕೊಳ್ಳಲು ಅಲ್ಲಿ ಕೋಣೆಯಿಲ್ಲ.
'ಮಿಂಚು: ಹೌದು' ಎಂದು ಟಿಕ್ ಹಾಕಿದೆ.

ಡಾಕ್ಟರಮ್ಮ ತೋರಿಸಿದ್ದರು ಒಂದು ಪಟ್ಟಿ:
ಚರ್ಮದಲ್ಲಿ ಚಳಿ ಒಳಬರಲು ಒಂದು ಬಾಗಿಲು,
ಅದರ ಬರಹದಲ್ಲಿ ಒಂದೇ ಅಕ್ಷರದ ವ್ಯತ್ಯಾಸ.
ಹಿಮ ಬೀಳುವ ನಾಡಲ್ಲಿ ಹತ್ತರಲ್ಲಿ ಎಂಟು ಮಂದಿಗೂ ಮೇಲೆ,
ತೆಂಕಣಕ್ಕೆ ಇಳಿದಂತೆ ಇಳಿಯುತ್ತ
ಸೂರ್ಯ ನೆತ್ತಿಯ ಮೇಲೇ ನಿಲ್ಲುವಲ್ಲಿ ಇಪ್ಪತ್ತಕ್ಕೊಬ್ಬರು.
ಚಳಿ ತಾಳಲು ಹೊತ್ತ ಅಕ್ಷರ ಇರಬಹುದು,
ಜೊತೆಗೆ ಅರೆತಲೆನೋವನ್ನೂ ಹೊತ್ತು ತಂದಿತಂತೆ.
"ಇದೊಂದೇ ಅಲ್ಲ, ನೂರಕ್ಕೂ ಮೇಲಿವೆ" ಎಂದರು,
"ಒಂದೊಂದೂ ಸಾಸಿವೆಯಷ್ಟು ಭಾರ.
ಹಸಿವು, ನಿದ್ದೆಗೇಡು, ಬೆಂಕಿಯ ಝಳ, ಅವು ಬೇರೆ."

ನಮ್ಮವರೆಂದು ಪಟ್ಟಿಯಲ್ಲಿ ಕೆಲವು ಸಾಲು.
ಯಾವ ಊರವರು ಅಂದೆ.
ಅಮೆರಿಕದಲ್ಲಿರುವ ಗುಜರಾತಿಗಳು,
ಇಂಗ್ಲೆಂಡಿನಲ್ಲಿರುವ ತೆಲುಗರು.
ಹೊಗೆಯ ಈ ಓಣಿಗೆ ಸಾಲಿಲ್ಲ.

ಹಾಗಾಗಿ ಈ ಸೂಜಿ.

"ರಕ್ತ ಕೊಟ್ರೆ ನೋವು ಹೋಗ್ತೈತೇನು?"
ಇಲ್ಲ.
"ಮತ್ಯಾಕ?"
ಲೆಕ್ಕಕ್ಕೆ.
ಘಮಲಿಬಾಯಿ ನಕ್ಕಳು: "ಚೀಲದ ಲೆಕ್ಕಾನೂ ಇಡ್ತಾರ,
ನಮ್ಮ ಕೈಗೆ ಬಂದಿಲ್ಲ ಒಂದಿನಾನೂ."
ಆಮೇಲೆ ತೋಳು ಚಾಚಿದಳು,
ಮೊಣಕೈತನಕ ಬಳೆ ಮೇಲೇರಿಸಿ.

ಹತ್ತಿ ಒತ್ತುವಾಗ ಅವಳ ಹಣೆ ಕಂಡಿತು,
ಬಾಮಿನಿಂದ ಮಿರಮಿರ.
ಎಲ್ಲರದೂ ಹಾಗೇ. ಇಡೀ ಓಣಿಗೆ ಒಂದೇ ವಾಸನೆ.
ಪುದೀನದ ಆ ಸತ್ವ ತಟ್ಟುವುದೂ
ಅದೇ ಬಾಗಿಲನ್ನು, ಡಾಕ್ಟರಮ್ಮ ಹೇಳಿದ್ದು.
ಇಲ್ಲದ ಚಳಿಯನ್ನು ಒಳಗೆ ಕರೆಯುತ್ತದೆ.
ಯಾರೂ ಅಕ್ಷರ ಓದದೆ, ಯಾವ ಪಟ್ಟಿಯೂ ಇಲ್ಲದೆ
ಇವರ ಬೆರಳಿಗೆ ಬಾಗಿಲು ಎಲ್ಲಿದೆಯೆಂದು ಗೊತ್ತು.
ನನ್ನವ್ವ ಸೆರಗಿನ ಗಂಟಲ್ಲಿಟ್ಟ ಡಬ್ಬಿಯನ್ನು
ಉಗುರಿಂದ ಕೆರೆದು ಕೆರೆದು
ತಳದ ತಗಡು ಕಾಣುವ ತನಕ ಬಳಸಿದಳು.

ಅರವತ್ತಮೂರನೆಯ ಕೊಳವೆ ನನ್ನದು.
ಸಮುದಾಯ ಎಂಬ ಕೋಣೆಯಲ್ಲಿ ಪೆನ್ನು ನಿಂತಿತು.
ಅವ್ವ ಗೊಲ್ಲರಹಟ್ಟಿಯವಳು, ಅಪ್ಪ ನೇಕಾರರ ಮಗ.
ಅಪ್ಪನ ಪೈಕಿ ಯಾರಿಗೂ ತಲೆನೋವಿಲ್ಲವೆಂಬುದು
ಅವರ ಮನೆಯ ಹೆಮ್ಮೆ;
ನೋವು ಬಂದಾಗಲೆಲ್ಲ ನಾನು ಅವ್ವನ ಜಾತಿ.
ಕೋಣೆ ಒಂದೇ ಇತ್ತು.
ಖಾಲಿ ಬಿಟ್ಟೆ.

ಈಗ ಪಿ.ಬಿ. ರಸ್ತೆಯಲ್ಲಿ, ಸ್ಕೂಟರಿನ ಮೇಲೆ,
ಕಾಲ ನಡುವೆ ಹದಿನಾಲ್ಕು ಮಂದಿಯ ರಕ್ತ.
ಎಡಗಣ್ಣ ಅಂಚಿನಲ್ಲಿ ಒಂದು ಕನ್ನಡಿ ಹೊಳೆದಿದೆ.
ಎರಡು.
ನಿಲ್ಲಿಸುವಂತಿಲ್ಲ, ಡಬ್ಬಿಯಿಂದ ನೀರು ತೊಟ್ಟಿಕ್ಕುತ್ತಿದೆ.
ಆ ಕಣ್ಣು ಮುಚ್ಚಿಕೊಂಡು
ಲಾರಿಯ ಹಿಂದೆ ಹಿಂದೆಯೇ ಹೋಗುತ್ತಿದ್ದೇನೆ.